ಉಣ್ಣದ ಹಾವಿನ ಬಾಯಿಗೆ ಇಲಿ ತುರುಕಬೇಡಿ

ಮಾನ್ಯ ಸಂಪಾದಕರೇ,

ಬಾಲ್ ಪೈಥಾನ್ ಎಂಬ ವಿದೇಶಿ ಹೆಬ್ಬಾವನ್ನು ಸಾಕುವ ಹವ್ಯಾಸ ವಿಜಯಪುರ, ಬೆಳಗಾವಿ ಕಡೆಗೂ ಬಂದಿದೆ. ಅದರ ಬೆನ್ನಿಗೇ ‘ಹಾವು ಹದಿನೈದು ದಿನದಿಂದ ಏನೂ ಮುಟ್ಟಿಲ್ಲ’ ಎಂಬ ಗಾಬರಿಯೂ ಬಂದಿದೆ. ಆ ಗಾಬರಿಯಲ್ಲಿ ಕೆಲವರು ಹಾವಿನ ಬಾಯಿ ಬಿಡಿಸಿ ಇಲಿ ತುರುಕುತ್ತಾರೆ. ಬಾಯೊಳಗಿನ ತೆಳು ಚರ್ಮ ಹರಿದು ಕೀವಾಗುತ್ತದೆ. ಹೇಗೋ ನುಂಗಿಸಿದರೂ ಎರಡು ಮೂರು ದಿನದಲ್ಲಿ ಕಾರಿಕೊಳ್ಳಬಹುದು. ಹಾಗೆ ಕಾರಿಕೊಂಡ ಹಾವು ಉಪವಾಸವಿದ್ದ ಹಾವಿಗಿಂತ ಬೇಗ ಸೊರಗುತ್ತದೆ. ಪಂಚಮಿಯ ನೆನಪಿನಲ್ಲಿ ಬಟ್ಟಲು ಹಾಲಿಡುವವರೂ ಇದ್ದಾರೆ. ಹಾಲು ಯಾವ ಹಾವಿನ ಆಹಾರವೂ ಅಲ್ಲ. ಬಾಯಾರಿದ ಹಾವು ಕುಡಿದರೂ ಅದು ಜೀರ್ಣವಾಗುವುದಿಲ್ಲ.

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಈ ಹಾವಿಗೆ ಉಪವಾಸ ಹೊಸದಲ್ಲ. ಬಲಿತ ಹಾವು, ಅದರಲ್ಲೂ ಗಂಡು, ಬೆದೆಯ ಕಾಲದಲ್ಲಿ ಎರಡು ಮೂರು ತಿಂಗಳು ಆಹಾರ ಬಿಟ್ಟರೂ ಆರಾಮಾಗಿಯೇ ಇರಬಹುದು. ಕಣ್ಣು ಮಬ್ಬಾಗಿದ್ದರೆ ಪೊರೆ ಬಿಡುವ ಸಮಯ. ಕಳಚುವವರೆಗೆ ಇಲಿ ತೋರಿಸುವುದೇ ಬೇಡ. ಹೊಸದಾಗಿ ತಂದ ಹಾವಿಗೆ ಒಂದು ವಾರ ಕೈ ಹಚ್ಚಬಾರದು. ಆದ್ದರಿಂದ ದಿನ ಎಣಿಸುವ ಬದಲು ತೂಕ ನೋಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮುಚ್ಚಳದ ಡಬ್ಬಿಯಲ್ಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. 1,500 ಗ್ರಾಂ ಇದ್ದದ್ದು 1,450ಕ್ಕೆ ಇಳಿದರೆ ಕಾಯಬಹುದು. 1,350ಕ್ಕೆ ಇಳಿದರೆ ಪಶುವೈದ್ಯರಿಗೆ ತೋರಿಸಬೇಕು. 60–70 ಗ್ರಾಂ ತೂಗುವ ಮರಿಗೆ ಈ ಸಡಿಲಿಕೆಯಿಲ್ಲ. ಅದು ಮೂರು ನಾಲ್ಕು ವಾರ ತಿನ್ನದಿದ್ದರೆ ತಡಮಾಡಬೇಡಿ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಬಾಯಲ್ಲಿ ಗಟ್ಟಿ ಕೀವು ಕಂಡರಂತೂ ತೂಕವನ್ನೂ ನೋಡುತ್ತ ಕೂರಬೇಡಿ.

ಬಹಳ ಸಲ ದೋಷ ಹಾವಿಡುವ ಪೆಟ್ಟಿಗೆಯದ್ದೇ. ಒಂದು ತುದಿ 31–33 ಡಿಗ್ರಿ, ಇನ್ನೊಂದು ತುದಿ 25–27 ಡಿಗ್ರಿ ಇರಬೇಕು. ತೇವಾಂಶ ಶೇ 60ರ ಆಸುಪಾಸು. ನುಂಗಿದ ಇಲಿ ಕರಗುವುದು ಈ ಬಿಸಿಯಿಂದ. ಮೈ ತಂಪಾಗಿದ್ದರೆ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ತಂಪಿನಲ್ಲಿ ಹಾವು ಬಾಯಿ ಮುಚ್ಚಿಕೊಂಡಿರುವುದು ಜಾಣತನವೇ. ಆದರೆ ಇಂಟರ್ನೆಟ್ಟಿನ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದವು. ಅವು ಬರೀ ಬಿಸಿ ಮಾಡಲು ಹೇಳುತ್ತವೆ. ಮೇ ತಿಂಗಳ ವಿಜಯಪುರದಲ್ಲಿ ಹೊರಗೆ 40 ದಾಟಿರುವಾಗ ಪೆಟ್ಟಿಗೆಗೆ ತಂಪಿನ ತುದಿಯೇ ಉಳಿಯುವುದಿಲ್ಲ. ಥರ್ಮೋಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದು, ತಂಪು ಮಾಡಲಾರದು. ಪತ್ರಾಸಿನ ಕೋಣೆಯಿಂದ ಪೆಟ್ಟಿಗೆಯನ್ನು ಕೆಳಮನೆಗೆ ತನ್ನಿ, ತಳ ಕಾಯಿಸುವ ಹೀಟ್ ಮ್ಯಾಟ್ ಆರಿಸಿ. ನೀರಿನ ಕೂಲರ್ ಕೋಣೆಯಲ್ಲಿದ್ದರೆ ಒಣ ಹವೆಗೂ ಮದ್ದಾಗುತ್ತದೆ, ಗಾಳಿ ಮಾತ್ರ ನೇರ ಹಾವಿಗೆ ಬಡಿಯಬಾರದು.

ಬೆಳಗಾವಿಯ ಸಂಕಟ ಬೇರೆ. ಡಿಸೆಂಬರ್ ರಾತ್ರಿ ಮ್ಯಾಟ್ ನೆಲವನ್ನಷ್ಟೇ ಕಾಯಿಸುತ್ತದೆ, ಗಾಳಿ ತಣ್ಣಗೇ ಇರುತ್ತದೆ. ಮೇಲಿನಿಂದ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬೇಕು, ಅದಕ್ಕೂ ಥರ್ಮೋಸ್ಟಾಟ್ ಮತ್ತು ಹಾವು ತಾಗದಂತೆ ಜಾಳಿಗೆ ಬೇಕು. ಪೆಟ್ಟಿಗೆಯ ಮೂರು ಬದಿಗೆ ಥರ್ಮಾಕೋಲ್ ಕಟ್ಟಿದರೆ ಕರೆಂಟ್ ಹೋದಾಗಲೂ ಬಿಸಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಳೆಗಾಲದಲ್ಲಿ ನೀರು ಚಿಮುಕಿಸುವುದನ್ನು ನಿಲ್ಲಿಸಿ, ಹಾಸಿದ ಹಸಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತೆಗೆದು ಒಣಗಿದ್ದನ್ನು ಹಾಕಿ. ಇಲ್ಲದಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಎರಡೂ ತುದಿಗೆ ಒಂದೊಂದು ಅಡಗುತಾಣ ಇಡಿ. ಅಂಚು ತಿಕ್ಕಿ ನುಣುಪು ಮಾಡಿದ ಒಡೆದ ಗಡಿಗೆಯೂ ಆದೀತು, ಸುರುಳಿ ಸುತ್ತಿದಾಗ ಮೈ ಗೋಡೆಗೆ ತಾಗುವಷ್ಟು ಚಿಕ್ಕದಿರಲಿ. ಬಯಲಲ್ಲಿ ಬಿದ್ದ ಹಾವು ಉಣ್ಣುವುದಿಲ್ಲ.

ಇದೆಲ್ಲ ಸರಿಯಾದ ಮೇಲೆ ಇಲಿಯ ಮಾತು. ಇಲಿಯ ದಪ್ಪ, ಹಾವಿನ ಮೈಯ ಅಗಲವಾದ ಭಾಗದಷ್ಟಿರಲಿ. ಮರಿಗೆ ಅದರ ತೂಕದ ಶೇ 10ರಿಂದ 15. ಫ್ರೀಜರಿನ ಇಲಿಯನ್ನು ರಾತ್ರಿಯಿಡೀ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಿಸಿ, ಪ್ಲಾಸ್ಟಿಕ್ ಚೀಲ ಕಟ್ಟಿ ಬಿಸಿನೀರಿನಲ್ಲಿಟ್ಟು, ಮೇಲ್ಮೈ 38–40 ಡಿಗ್ರಿಗೆ ಬಂದಾಗ ಒರೆಸಿ ಕೊಡಿ. ತುಟಿಯ ಮೇಲಿನ ಕುಳಿಗಳಿಂದ ಈ ಹಾವು ಬಿಸಿಯನ್ನು ಗುರುತಿಸುತ್ತದೆ. ತಣ್ಣನೆಯ ಇಲಿ ಅದಕ್ಕೆ ಬೇಟೆಯೇ ಅಲ್ಲ. ಮೈಕ್ರೋವೇವ್ ಬೇಡ, ಇಲಿ ಒಳಗೆ ಬೆಂದು ಅದರ ಹೊಟ್ಟೆ ಒಡೆಯುತ್ತದೆ. ದೀಪ ಆರಿಸಿ, ಉದ್ದನೆಯ ಇಕ್ಕಳದಲ್ಲಿ ತಲೆ ಮುಂದಾಗಿ ಹಿಡಿಯಿರಿ. ಹಾವು ಅದನ್ನು ಹಿಡಿಯದಿದ್ದರೆ ಅಡಗುತಾಣದ ಬಾಯಲ್ಲಿಟ್ಟು ಹೋಗಿ, ಆಗಲೂ ತಿನ್ನದಿದ್ದರೆ ಬೆಳಗ್ಗೆ ತೆಗೆದು ಎಸೆಯಿರಿ. ಮತ್ತೆ ಕೊಡುವುದು ಒಂದು ವಾರದ ನಂತರವೇ; ದಿನವೂ ಮುಖಕ್ಕೆ ಹಿಡಿದರೆ ಹಾವು ಹೆದರಿ ಇನ್ನಷ್ಟು ಬಿಗಿಯಾಗುತ್ತದೆ. ಕಾರಿಕೊಂಡಿದ್ದರೆ ಕನಿಷ್ಠ ಎರಡು ವಾರ ಬಿಡುವು ಕೊಟ್ಟು, ಬಳಿಕ ಚಿಕ್ಕ ಇಲಿ ಕೊಡಿ. ಜೀವಂತ ಇಲಿ ಬಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಲಿಯೇ ಹಾವನ್ನು ಕಡಿದಿರಬಹುದು. ಕಬ್ಬಿನ ಗದ್ದೆಯಲ್ಲೋ ಅಡತಿ ಅಂಗಡಿಯಲ್ಲೋ ಹಿಡಿದ ಇಲಿ ಸುತರಾಂ ಬೇಡ: ಜಿಂಕ್ ಫಾಸ್ಫೈಡ್‌ನಂಥ ಪಾಷಾಣ ತಿಂದಿದ್ದರೆ ಹಾವೂ ಸಾಯಬಹುದು.

ನಮ್ಮ ನಾಡಿನ ಹೆಬ್ಬಾವು, ನಾಗರ, ಕೇರೆಗಳಿಗೆ ಈ ಉಪಾಯಗಳನ್ನು ಹಚ್ಚಬೇಡಿ. ಅವನ್ನು ಮನೆಯಲ್ಲಿಡುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಬಾಲ್ ಪೈಥಾನ್ ಕೂಡ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಕಾಗದವಿಲ್ಲದವರು ವೈದ್ಯರ ಬಳಿ ಹೋಗಲೂ ಅಂಜುತ್ತಾರೆ, ಅಷ್ಟರಲ್ಲಿ ಹಾವಿನ ಎಲುಬು ಕಾಣುತ್ತಿರುತ್ತದೆ. ಮಾರುವವರು ನೋಂದಣಿ ಕಾಗದದ ಜೊತೆಗೆ ಒಂದು ಚೀಟಿಯನ್ನೂ ಕೊಡಲಿ: ಇಂದಿನ ತೂಕ, ಕೊನೆಯ ಮೂರು ಊಟದ ತಾರೀಕು, ತಿಂದದ್ದು ಜೀವಂತ ಇಲಿಯೋ ಫ್ರೀಜರಿನದ್ದೋ. ಆ ಚೀಟಿ ಕೊಡದ ಕಡೆ ಯಾರೂ ಹಾವು ಕೊಳ್ಳಬಾರದು.

– ಓದುಗರೊಬ್ಬರು, ವಿಜಯಪುರ