ಕಾರು ಕಂಪನಿಗೆ ಕೊಡುವ ನೆರವು ನಮ್ಮ ಭಟ್ಟಿಯವರೆಗೂ ಬರಲಿ

ಕೇಂದ್ರ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಾದ ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರಿಗೆ, ಬೆಳಗಾವಿಯ ಉದ್ಯಮಬಾಗದಿಂದ ನಮಸ್ಕಾರಗಳು.

ನಾನು ಇಲ್ಲಿ ಒಂದು ಸಣ್ಣ ಫೌಂಡ್ರಿ ನಡೆಸುತ್ತೇನೆ. ಅಪ್ಪ ಶುರು ಮಾಡಿದ್ದು. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿದು ಬ್ರೇಕ್ ಡ್ರಮ್, ಫ್ಲೈವೀಲ್, ಹೌಸಿಂಗ್ ಮಾಡುತ್ತೇವೆ. ನಮ್ಮ ಕಾಸ್ಟಿಂಗ್ ಪಕ್ಕದ ಮಷಿನ್ ಶಾಪ್‌ಗೆ ಹೋಗುತ್ತದೆ. ಅಲ್ಲಿಂದ ರಾತ್ರಿ ಲಾರಿ ಹತ್ತಿ ಪುಣೆಗೆ. ಆಮೇಲೆ ಯಾವುದೋ ಕಾರಿನ ಹೊಟ್ಟೆ ಸೇರುತ್ತದೆ. ಕಾರಿನ ಮೇಲೆ ನಮ್ಮ ಹೆಸರಿರುವುದಿಲ್ಲ. ಆದರೆ ಕಾರು ಮಾರಾಟ ಬಿದ್ದರೆ ಮೊದಲು ಆರುವುದು ನಮ್ಮ ಭಟ್ಟಿ.

2019 ನೆನಪಿದೆಯಲ್ಲವೇ? ಮಾರಾಟ ಎಷ್ಟು ಕುಸಿದಿತ್ತೆಂದರೆ, ಆ ಸೆಪ್ಟೆಂಬರ್‌ನಲ್ಲಿ ಮಾರುತಿ ಕಂಪನಿಯೇ ಗುರುಗ್ರಾಮ ಮತ್ತು ಮಾನೇಸರದ ಕಾರ್ಖಾನೆಗಳನ್ನು ಎರಡು ದಿನ ಮುಚ್ಚಿತ್ತು. ಅಲ್ಲಿ ಎರಡು ದಿನ. ನಮ್ಮಲ್ಲಿ ವಾರಕ್ಕೆ ಆರು ದಿನ ಉರಿಯುತ್ತಿದ್ದ ಫರ್ನೇಸ್ ತಿಂಗಳುಗಟ್ಟಲೆ ವಾರಕ್ಕೆ ಎರಡೇ ದಿನ ಉರಿಯಿತು. 'ಶೆಡ್ಯೂಲ್ ಕಟ್ ಆಗಿದೆ', ಅಂದರೆ ತಿಂಗಳ ಆರ್ಡರ್ ಕಡಿಮೆಯಾಗಿದೆ, ಅಂತ ಒಂದು ಫೋನ್ ಬರುತ್ತಿತ್ತು, ಅಷ್ಟೇ. ಭಟ್ಟಿ ಆರಿದರೂ ಕರೆಂಟಿನ ಫಿಕ್ಸ್ಡ್ ಚಾರ್ಜ್ ಆರುವುದಿಲ್ಲ, ಬ್ಯಾಂಕಿನ ಕಂತೂ ನಿಲ್ಲುವುದಿಲ್ಲ.

ಆಗ ನಮ್ಮ ಹಿರಿಯ ಮೋಲ್ಡರ್, ಅಂದರೆ ಮರಳಿನ ಅಚ್ಚು ಮಾಡುವವರು, ಒಬ್ಬರು ಕೆಲಸ ಬಿಟ್ಟರು. ಖಾನಾಪುರ ಕಡೆಯವರು. 22 ವರ್ಷ ನಮ್ಮಲ್ಲಿದ್ದವರು. ಮರಳನ್ನು ಮುಷ್ಟಿಯಲ್ಲಿ ಹಿಸುಕಿ, ಮುರಿದು ನೋಡಿ, ತೇವ ಜಾಸ್ತಿಯಾಗಿದೆ ಅಂತ ಹೇಳಿಬಿಡುತ್ತಿದ್ದರು. ಅವರು ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ. ಗೋವಾಕ್ಕೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆದರು. ಮುಂದೆ ಆರ್ಡರ್ ಬಂದಾಗ ಫೋನ್ ಮಾಡಿ ಕರೆದೆ. "ಮತ್ತ ಹಂಗ ಆದ್ರ ಏನ್ ಮಾಡ್ಲಿ, ಸಾಹೇಬ್ರ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವರ ಜಾಗಕ್ಕೆ ಹೊಸ ಹುಡುಗರು ಬಂದರು. ಒಳ್ಳೆಯ ಹುಡುಗರೇ. ಆದರೆ ಅವರ ಕೈ ಪಳಗುವವರೆಗೆ ಒಳಗೆ ಗಾಳಿ ಸಿಕ್ಕಿ ಬ್ಲೋ ಹೋಲ್ (ತೂತು) ಬಿದ್ದ ಕಾಸ್ಟಿಂಗ್‌ಗಳು ಮೂಟೆ ಮೂಟೆ ವಾಪಸ್ ಬಂದವು.

ಪುಣೆ ಹತ್ತಿರ ತಳೇಗಾಂವ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ 2020ರ ಕೊನೆಗೆ ಉತ್ಪಾದನೆ ನಿಲ್ಲಿಸಿತು. 2023ರಲ್ಲಿ ಹ್ಯುಂಡೈ ಅದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕಟ್ಟಡ, ಯಂತ್ರಗಳು ಮೂರು ವರ್ಷ ಕಾಯಬಲ್ಲವು. ಮೋಲ್ಡರ್ ಮನೆಯ ಒಲೆ ಕಾಯುವುದಿಲ್ಲ.

ಕಾರು ಶ್ರೀಮಂತರದ್ದು, ಅದಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಕಬ್ಬು ಬೆಳೆಯುವ ನನ್ನ ನೆಂಟರೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ಶೆಡ್‌ನಲ್ಲಿ ಕರಗಿದ ಕಬ್ಬಿಣ ಸುರಿಯುವ ಲ್ಯಾಡಲ್ ಹಿಡಿಯುವವರು ಮಚ್ಛೆ, ಪೀರನವಾಡಿಯ ರೈತರ ಮಕ್ಕಳು. ಮಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಈ ಪಗಾರದಿಂದ.

ಅಮೆರಿಕದ ಒಂದು ಸಂಗತಿಯನ್ನು ತಮ್ಮ ಮುಂದೆ ಇಡುತ್ತೇನೆ. 2008ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಮುಳುಗುವ ಹಂತದಲ್ಲಿದ್ದವು. ಫೋರ್ಡ್ ಕಂಪನಿ ತಾನು ಆ ತುರ್ತು ಸಾಲ ತೆಗೆದುಕೊಳ್ಳಲಿಲ್ಲ. ಆದರೂ ಅದರ ಮುಖ್ಯಸ್ಥ ಅಲನ್ ಮುಲಾಲಿ ಸಂಸತ್ತಿನ ಮುಂದೆ ಹೋಗಿ, ತಮ್ಮ ಎದುರಾಳಿಗಳಿಗೆ ನೆರವು ಕೊಡಿ ಎಂದು ಕೇಳಿದರು. ಯಾಕೆಂದರೆ ಮೂರೂ ಕಂಪನಿಗಳಿಗೆ ಬಿಡಿಭಾಗ ಕೊಡುವವರು ಬಹುಪಾಲು ಅದೇ ಜನ. ಒಂದು ಕಂಪನಿ ಬಿದ್ದರೆ ಆ ಬಿಡಿಭಾಗದವರು ಬೀಳುತ್ತಾರೆ, ಅವರು ಬಿದ್ದರೆ ಫೋರ್ಡ್ ಕೂಡ ನಿಲ್ಲುತ್ತದೆ. ಅಲ್ಲಿನ ಸರ್ಕಾರಕ್ಕೂ ಇದು ಅರ್ಥವಾಯಿತು. 2009ರ ಮಾರ್ಚ್‌ನಲ್ಲಿ ಬಿಡಿಭಾಗ ತಯಾರಕರಿಗೆಂದೇ 500 ಕೋಟಿ ಡಾಲರ್‌ವರೆಗಿನ ಯೋಜನೆ ತಂದಿತು. ಕಳಿಸಿದ ಮಾಲಿನ ಬಿಲ್ಲಿಗೆ ಸರ್ಕಾರವೇ ಖಾತರಿ ನಿಂತಿತು. ನಾನು ಕೇಳುತ್ತಿರುವುದೂ ಇಂಥದ್ದನ್ನೇ.

ತಮ್ಮ ಸರ್ಕಾರ ಏನೂ ಮಾಡಿಲ್ಲ ಎನ್ನುತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮನಸ್ಸಿನಿಂದ ಧನ್ಯವಾದ. ಆದರೆ ತಮ್ಮ ಇಲಾಖೆಯ, ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ಕೊಡುವ ಪಿಎಲ್‌ಐ ಯೋಜನೆ ನೋಡಿ. 25,938 ಕೋಟಿ ರೂಪಾಯಿಯದು. ಈಗಾಗಲೇ ಬಿಡಿಭಾಗ ಮಾಡುತ್ತಿರುವವರು ಅದಕ್ಕೆ ಅರ್ಜಿ ಹಾಕಬೇಕೆಂದರೆ ಕಂಪನಿ ಗುಂಪಿನ ಆದಾಯ ಕನಿಷ್ಠ 500 ಕೋಟಿ ಇರಬೇಕಿತ್ತು. ನಮ್ಮಂಥ ಸಣ್ಣ ಫೌಂಡ್ರಿಗಳಿಗೆ ಆ ಬಾಗಿಲು ತೆರೆಯಲೇ ಇಲ್ಲ.

ಈಗ ಎಲೆಕ್ಟ್ರಿಕ್ ಕಾರು ಬರುತ್ತಿದೆ. ಬರಲಿ, ಅದು ಬೇಕು. ಆದರೆ ಅದಕ್ಕೆ ಎಂಜಿನ್ ಬ್ಲಾಕ್ ಬೇಡ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇಡ, ನಾನು ಮಾಡುವ ಫ್ಲೈವೀಲೂ ಬೇಡ. ಮೋಟಾರ್ ಹೌಸಿಂಗ್ ಹೆಚ್ಚಾಗಿ ಅಲ್ಯೂಮಿನಿಯಂ. ಅದಕ್ಕೆ ಬೇರೆ ಭಟ್ಟಿ, ಬೇರೆ ಡೈ (ಲೋಹದ ಅಚ್ಚು), ಬೇರೆ ಕೈ ಬೇಕು. ಕಬ್ಬಿಣದಿಂದ ಅಲ್ಯೂಮಿನಿಯಂಗೆ ಬದಲಾಗಲು ಕಡಿಮೆ ಬಡ್ಡಿಯ ಸಾಲ ಮತ್ತು ಕೆಲಸಗಾರರಿಗೆ ತರಬೇತಿ ಸಿಕ್ಕರೆ ನಾವು ಬದಲಾಗುತ್ತೇವೆ. ಬೆಳಗಾವಿಗೆ ಹೊಸ ಕೆಲಸ ಕಲಿಯುವುದು ಹೊಸದಲ್ಲ.

ಇನ್ನು ಬಾಕಿ ದುಡ್ಡಿನ ಮಾತು. ನಮ್ಮಂಥವರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನೇ ಹೇಳುತ್ತದೆ. ದೊಡ್ಡ ಗಿರಾಕಿಯೊಬ್ಬರಿಂದ ನನಗೆ ದುಡ್ಡು ಬಂದಿದ್ದು 130 ದಿನಕ್ಕೆ. ದೂರು ಕೊಡಬಹುದಿತ್ತು. ಕೊಟ್ಟಿದ್ದರೆ ಮುಂದಿನ ತಿಂಗಳ ಶೆಡ್ಯೂಲ್ ಬರುತ್ತಿರಲಿಲ್ಲ. ಅದಕ್ಕೇ ಉದ್ಯಮಬಾಗದಲ್ಲಿ ಎಷ್ಟೋ ಜನ ಬಾಯಿ ಮುಚ್ಚಿಕೊಂಡಿದ್ದಾರೆ.

ಆದ್ದರಿಂದ ದೂರು ಕೊಡುವ ಭಾರ ನಮ್ಮ ಮೇಲೆ ಬೇಡ. ಸರ್ಕಾರದ ನೆರವು ಪಡೆಯುವ ಪ್ರತಿ ಕಾರು ಕಂಪನಿಯೂ ಮುಂದಿನ ಕಂತು ಕೇಳುವಾಗ, ತನಗೂ ತನ್ನ ನೇರ ಪೂರೈಕೆದಾರರಿಗೂ ಮಾಲು ಕೊಟ್ಟ ಸಣ್ಣವರ ಬಿಲ್ 45 ದಿನದಲ್ಲಿ ತೀರಿದೆ ಎಂದು ಲೆಕ್ಕ ತೋರಿಸಲಿ. ತೋರಿಸದಿದ್ದರೆ ಕಂತು ನಿಲ್ಲಲಿ. ಈ ಒಂದು ಷರತ್ತನ್ನು ಮುಂದಿನ ಯೋಜನೆಯಲ್ಲಿ ತಾವು ಬರೆಸಿದರೆ, ನಾನು ಮತ್ತೆ ಗೋವಾಕ್ಕೆ ಫೋನ್ ಮಾಡುತ್ತೇನೆ.

ಇಂತಿ,
ಉದ್ಯಮಬಾಗದ ಒಬ್ಬ ಫೌಂಡ್ರಿ ಮಾಲೀಕ
ಬೆಳಗಾವಿ