ಕಡಲತಡಿಯ ದೀಪಗಳು ರಸ್ತೆಗೆ ಬೆಳಕು ಕೊಡಲಿ

ಮಾನ್ಯ ಸಂಪಾದಕರೇ,

ಹೊನ್ನಾವರದ ಕಾಸರಕೋಡು ಸೇರಿದಂತೆ ಉತ್ತರ ಕನ್ನಡದ ಹಲವು ಮರಳದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೀನುಗಾರರು ಗೂಡು ಕಂಡು ತಿಳಿಸುತ್ತಾರೆ, ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುತ್ತಾರೆ. 45ರಿಂದ 60 ದಿನಗಳಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತೇ, ಮರಿಗಳು ಮರಳು ಸರಿಸಿ ಮೇಲೆ ಬರುತ್ತವೆ. ಕತ್ತಲಲ್ಲಿ ದಡಕ್ಕಿಂತ ಕಡಲಿನ ಬಾನಂಚು ತಿಳಿಯಾಗಿರುತ್ತದೆ. ಆ ಬೆಳಕನ್ನು ನೋಡಿಯೇ ಅವು ನೀರಿಗಿಳಿಯುವುದು. ದಡದ ಮೇಲೆ ಪ್ರಖರ ದೀಪವಿದ್ದರೆ ಕಡಲಿಗೆ ಬೆನ್ನು ಹಾಕಿ ಅತ್ತಲೇ ತೆವಳುತ್ತವೆ. ನಾಯಿಯ ಬಾಯಿಗೆ, ವಾಹನದ ಚಕ್ರಕ್ಕೆ ಸಿಗುತ್ತವೆ, ಉಳಿದವು ಬೆಳಗಿನ ಬಿಸಿಲಿಗೆ ಒಣಗಿ ಸಾಯುತ್ತವೆ. ವಾರಗಟ್ಟಲೆ ಕಾದವರ ಶ್ರಮವೆಲ್ಲ ಹೀಗೆ ಹಾಳಾಗುವುದು ಹೊಟ್ಟೆ ಉರಿಸುವ ಸಂಗತಿ.

ಹಾಗೆಂದು ದೀಪಗಳನ್ನೇ ತೆಗೆಯಿರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಸುಕಿಗೇ ಮೀನು ತರಲು ಹೊರಡುವ ಹೆಂಗಸರಿಗೆ, ಕೊನೆಯ ಬಸ್ಸಿಳಿದು ಒಬ್ಬರೇ ನಡೆದು ಬರುವ ಹೆಣ್ಣುಮಕ್ಕಳಿಗೆ ಬೆಳಕು ಬೇಕೇ ಬೇಕು. ಅದು ಅವರು ನಡೆಯುವ ದಾರಿಗೆ ಬೀಳಬೇಕು. ಎತ್ತರದ ಕಂಬದಿಂದ ಎಲ್ಲ ಕಡೆ ಚೆಲ್ಲುವ ಬಿಳಿ ಎಲ್‌ಇಡಿ ಬೆಳಕು ಕಣ್ಣಿಗೆ ರಾಚುತ್ತದೆ, ಪಕ್ಕದ ಗಾಳಿಮರದ ನೆರಳಿನಲ್ಲಿ ಯಾರು ನಿಂತಿದ್ದಾರೆಂಬುದೂ ಕಾಣುವುದಿಲ್ಲ. ಇದು ಆಮೆಗೂ ಕೆಡುಕು, ಮನುಷ್ಯರಿಗೂ.

ಪರಿಹಾರ ದುಬಾರಿಯದಲ್ಲ. ಕಂಬ ಗಿಡ್ಡವಾಗಿರಲಿ, ದೀಪದ ಮೇಲ್ಭಾಗಕ್ಕೂ ಕಡಲ ಬದಿಗೂ ಮರೆ ಇರಲಿ. ಬಿಳಿಯ ಬದಲು ಕಿತ್ತಳೆ ಛಾಯೆಯ ದೀಪ ಹಾಕಲಿ. ನೀಲಿ ಅಂಶವಿಲ್ಲದ ಅಂಥ ಬೆಳಕಿಗೆ ಮರಿಗಳು ದಾರಿ ತಪ್ಪುವುದು ಕಡಿಮೆ. ಲಡಾಖ್‌ನ ಹಾನ್ಲೆ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ, ಅಂದರೆ ನಕ್ಷತ್ರ ಕಾಣುವಂತೆ ರಾತ್ರಿಯ ಕತ್ತಲನ್ನು ಕಾಪಾಡುವ ಪ್ರದೇಶವಾಯಿತು. ಅಲ್ಲಿ ಹಳ್ಳಿಗರು ದೀಪಗಳಿಗೆ ಮರೆ ಕಟ್ಟಿಕೊಂಡೇ ಬದುಕು ನಡೆಸುತ್ತಿದ್ದಾರೆ. 2020ರಲ್ಲೇ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಾಸರಕೋಡಿನ ತೀರದಲ್ಲಿ ಇಷ್ಟು ಮಾಡಲಾಗದೇ?

ರೆಸಾರ್ಟ್, ಹೋಮ್‌ಸ್ಟೇಗಳು ಕಡಲಿಗೆ ಮುಖ ಮಾಡಿ ಹಾಕಿರುವ ಅಲಂಕಾರದ ದೀಪಗಳಿಂದ ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ. ನವೆಂಬರ್‌ನಿಂದ ಮೇ ತನಕ ಅವು ರಾತ್ರಿ ಆರಿರಬೇಕೆಂದು ಪಂಚಾಯಿತಿಗಳು ಪರವಾನಗಿಯಲ್ಲೇ ಷರತ್ತು ಹಾಕಲಿ. ಬೀದಿದೀಪದ ಟೆಂಡರಿನಲ್ಲಿ ವ್ಯಾಟ್ ಜೊತೆಗೆ ಬೆಳಕಿನ ಬಣ್ಣ, ಮರೆ, ಕಂಬದ ಎತ್ತರವನ್ನೂ ನಮೂದಿಸಲಿ. ಮುಂದಿನ ಮೊಟ್ಟೆಯಿಡುವ ಕಾಲಕ್ಕೆ ಮುನ್ನ ಪಂಚಾಯಿತಿ, ವಿದ್ಯುತ್ ಕಂಪನಿ ಹೆಸ್ಕಾಂ, ಅರಣ್ಯ ಇಲಾಖೆಯವರು ಮೀನುಗಾರರನ್ನು ಕರೆದುಕೊಂಡು ಒಂದು ರಾತ್ರಿ ದಂಡೆಯುದ್ದಕ್ಕೂ ನಡೆದು, ಯಾವ ದೀಪ ತಿರುಗಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಅಲ್ಲೇ ತೀರ್ಮಾನಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಹೊನ್ನಾವರ ತಾಲ್ಲೂಕು