ಜಪಾನ್ ರಗ್ಬಿ ಪಟ್ಟಿ: ಭಾನುವಾರದೊಳಗೆ ತಿದ್ದುಪಡಿ

ಸದಸ್ಯರೆಲ್ಲರಿಗೂ ನಮಸ್ಕಾರ.

ನಾವು ಸಿದ್ಧಪಡಿಸುತ್ತಿರುವ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಚಾಂಪಿಯನ್‌ಷಿಪ್, ಕಂಪನಿ ತಂಡಗಳ ಚಾಂಪಿಯನ್‌ಷಿಪ್ ಮತ್ತು ಇವೆರಡರ ವಿಜೇತರು ಎದುರಾಗುತ್ತಿದ್ದ ಅಖಿಲ ಜಪಾನ್ ಚಾಂಪಿಯನ್‌ಷಿಪ್ ಒಂದರೊಳಗೊಂದು ಬೆರೆತುಹೋಗಿರುವುದರಿಂದ, 1960ರ ದಶಕದಿಂದೀಚಿನ ಭಾಗವನ್ನು ಬರೆಯುತ್ತಿರುವವರು ಬರುವ ಭಾನುವಾರ ಸಂಜೆ 6 ಗಂಟೆಯೊಳಗೆ ತಮ್ಮ ಸಾಲುಗಳನ್ನು ಸರಿಪಡಿಸಬೇಕೆಂದು ಕೋರುತ್ತೇನೆ.

ಹೆಚ್ಚಿನ ತಪ್ಪುಗಳು ವರ್ಷಕ್ಕೆ ಸಂಬಂಧಿಸಿದವು. ರಗ್ಬಿ ಪಂದ್ಯಗಳ ಋತು ಒಂದು ವರ್ಷದಲ್ಲಿ ಆರಂಭವಾಗಿ ಮರುವರ್ಷದ ಆರಂಭದಲ್ಲಿ ಮುಗಿಯುತ್ತದೆ. ವಾಸೆದಾ ವಿಶ್ವವಿದ್ಯಾಲಯವು ತೊಷಿಬಾ ಫುಚು ಎಂಬ ಕಂಪನಿ ತಂಡವನ್ನು ಮಣಿಸಿದ್ದು 1987ರ ಋತುವಿನಲ್ಲಾದರೂ ಆ ಪಂದ್ಯ ನಡೆದದ್ದು 1988ರ ಜನವರಿ 15ರಂದು. ಆನಂತರ ಯಾವ ವಿಶ್ವವಿದ್ಯಾಲಯವೂ ಅಖಿಲ ಜಪಾನ್ ಪ್ರಶಸ್ತಿ ಗೆಲ್ಲಲಿಲ್ಲವಾದ್ದರಿಂದ, ಈ ಒಂದು ಸಾಲಂತೂ ತಪ್ಪಾಗಬಾರದು.

ದಯವಿಟ್ಟು ಋತು ಮತ್ತು ಪಂದ್ಯದ ದಿನಾಂಕಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯಿರಿ. ಕಾಮಾಯಿಷಿ ಮತ್ತು ಕೋಬೆಯ ಉಕ್ಕು ಕಂಪನಿಗಳ ತಂಡಗಳು ಸತತ ಏಳೇಳು ಬಾರಿ ಗೆದ್ದದ್ದು ಅಖಿಲ ಜಪಾನ್ ಪ್ರಶಸ್ತಿಯನ್ನು. ತೇಕ್ಯೊ ವಿಶ್ವವಿದ್ಯಾಲಯದ ಸತತ ಒಂಬತ್ತು ಗೆಲುವುಗಳು ವಿಶ್ವವಿದ್ಯಾಲಯಗಳ ಚಾಂಪಿಯನ್‌ಷಿಪ್‌ಗೆ ಸೇರಿದವು. ಕೋಬೆಯ ಏಳನೆಯ ಗೆಲುವಾದ ಎರಡೇ ದಿನಕ್ಕೆ, 1995ರ ಜನವರಿ 17ರಂದು, ಆ ನಗರವನ್ನು ಭೂಕಂಪ ಧ್ವಂಸಗೊಳಿಸಿತೆಂಬುದನ್ನೂ ಅಲ್ಲಿಯೇ ದಾಖಲಿಸುವುದು ಉಚಿತವೆಂದು ನನಗನ್ನಿಸುತ್ತದೆ.

ತಿದ್ದುಪಡಿ ಮುಗಿಸಿದವರು, ಯಾವ ವರ್ಷಗಳೆಂದು ನಮೂದಿಸಿ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.